ಪೈಲ್ವಾನನ ಹೊಟ್ಟೆಪಾಡು

ನವಲಗುಂದ, ಅಣ್ಣಿಗೇರಿ ಕಡೆಯ ಎರೆಹೊಲಗಳಲ್ಲಿ ಹಿಂಗಾರಿ ಜೋಳ, ಕಡಲೆ, ಗೋದಿಯ ಸುಗ್ಗಿ ಮುಗಿದು ನೆಲ ಬಾಯಿ ಬಿಡತೊಡಗಿತೆಂದರೆ ಜಾತ್ರೆಗಳ ಕಾಲ ಬಂತೆಂದೇ ಅರ್ಥ. ತೇರು ಎಳೆದ ಮರುದಿನ ಮಧ್ಯಾಹ್ನ ಊರ ಹೊರಗೆ ಕುಸ್ತಿ. ಹಲಗೆಯ ಸದ್ದಿಗೆ ಮೊದಲು ಹುಡುಗರು ತೆಂಗಿನಕಾಯಿಗಾಗಿ ಸೆಣಸುತ್ತಾರೆ. ಹೊತ್ತು ಇಳಿದಂತೆ ಜೋಡಿಗಳು ದೊಡ್ಡವಾಗುತ್ತವೆ, ಇನಾಮಿನ ಹಣವೂ ಏರುತ್ತದೆ. ಕಡೆಯ ಕುಸ್ತಿಗೆ ಬೆಳ್ಳಿ ಕಡಗ. ಗೆದ್ದವನನ್ನು ಹೆಗಲ ಮೇಲೆ ಹೊತ್ತು ಕುಣಿಯುವುದನ್ನು ನಮ್ಮ ಭಾಗದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಕಡಗ ತೊಟ್ಟ ಆ ಪೈಲ್ವಾನ ಮುಂದಿನ ಜಾತ್ರೆಯವರೆಗೆ ಏನು ಉಣ್ಣುತ್ತಾನೆ, ಮೂವತ್ತೈದು ದಾಟಿದ ಮೇಲೆ ಏನು ಮಾಡುತ್ತಾನೆ ಎಂದು ಕೇಳಿದವರು ಕಡಿಮೆ.

ಈ ಪ್ರಶ್ನೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಈ ನಾಡನ್ನಾಳಿದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವಿದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವಿಂಗಡಿಸುವ ಬಗೆ, ಅವರು ಮಾಡಬೇಕಾದ ಸಾಮು, ಹಾಕಬೇಕಾದ ಪಟ್ಟುಗಳು ಎಲ್ಲವೂ ಅಲ್ಲಿವೆ. ಮುಖ್ಯವಾದದ್ದು ಊಟದ ಲೆಕ್ಕ. ಬೇಳೆ, ಮಾಂಸ, ಹಾಲು, ಸಕ್ಕರೆ, ಉತ್ತಮವಾದ ಸಿಹಿತಿಂಡಿ ಇವನ್ನೆಲ್ಲ ಒದಗಿಸುವುದು ಅರಸನ ಹೊಣೆ. ಮಲ್ಲನ ಪಾಲಿಗೆ ಬೇರೆ ಕೆಲಸವಿಲ್ಲ, ಅಂತಃಪುರದ ಹೆಂಗಸರ ಕಡೆ ಕಣ್ಣೆತ್ತುವಂತಿಲ್ಲ, ಮೈ ಬೆಳೆಸುವುದೊಂದೇ ಅವನ ವೃತ್ತಿ. ಈ ಸೋಮೇಶ್ವರನ ಮೊಮ್ಮಗ, ಚಾಲುಕ್ಯರ ಕೊನೆಯ ದೊರೆ ನಾಲ್ಕನೆಯ ಸೋಮೇಶ್ವರ, ಅಣ್ಣಿಗೇರಿಯಲ್ಲಿ ಕುಳಿತು ರಾಜ್ಯಭಾರ ಮಾಡಿದವನು. ಅಂದಮೇಲೆ ಕುಸ್ತಿಯಾಡಿ ಬದುಕುವುದು ನಮ್ಮ ಸೀಮೆಗೆ ಎಂಟುನೂರು ವರ್ಷಕ್ಕೂ ಹಳೆಯ ಕಸುಬು ಎನ್ನಲು ಅಡ್ಡಿಯಿಲ್ಲ.

ಈ ಕಸುಬಿನ ಖರ್ಚು ಎಲ್ಲಿಂದ ಶುರುವಾಗುತ್ತದೆಂದರೆ ಮಣ್ಣಿನಿಂದಲೇ. ಎರೆಮಣ್ಣು ಕುಸ್ತಿಗೆ ಬಾರದು. ಹಸಿಯಾದರೆ ಅಂಟು, ಒಣಗಿದರೆ ಹೆಂಟೆ. ಹಾಗಾಗಿ ಎರೆಸೀಮೆಯ ಗರಡಿಮನೆಗೆ ಕೆಮ್ಮಣ್ಣು ಹೊರಗಿನಿಂದ ಬರಬೇಕು. ಕಲಘಟಗಿ ಕಡೆಯವರಿಗೆ ಈ ತೊಂದರೆ ಕಡಿಮೆ. ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಅರಿಶಿನ, ಮಜ್ಜಿಗೆ, ನಿಂಬೆರಸ ಬೆರೆಸಿ ಹದ ಮಾಡಬೇಕು. ಆಮೇಲೆ ಖುರಾಕು: ಹಾಲು, ತುಪ್ಪ, ಬದಾಮಿ, ಕೆಲವರಿಗೆ ಮಾಂಸ, ತತ್ತಿ. ಒಕ್ಕಲುತನದ ಮನೆಯಲ್ಲಿ ಒಬ್ಬ ಮಗ ಪೈಲ್ವಾನನಾದರೆ ಒಂದು ಎಮ್ಮೆಯ ಹಾಲು ಅವನಿಗೇ ಮೀಸಲು. ಅದು ಸಾಲದೆ ಅವನು ಹೊಲದ ಕೆಲಸಕ್ಕೂ ಸಿಗುವುದಿಲ್ಲ. ಬೆಳಗಿನ ದಂಡ, ಬಸ್ಕಿ, ಸಂಜೆಯ ಜೋರು ಮುಗಿಸಿದವನಿಗೆ ಕುಂಟೆ ಹೊಡೆಯಲು ಹೇಳುವ ಅಪ್ಪ ಎಲ್ಲಿದ್ದಾನೆ? ಬಡವರ ಮನೆಯ ಹುಡುಗ ಎಷ್ಟೇ ಗಟ್ಟಿಗನಾದರೂ ಯಾರಾದರೂ ಸಾಕಿದರೆ ಮಾತ್ರ ಪೈಲ್ವಾನ.

ಸಾಕುವವರು ಇದ್ದರು. ಇಂದು ಧಾರವಾಡ ಜಿಲ್ಲೆಯಲ್ಲಿರುವ ಕುಂದಗೋಳ ಸ್ವಾತಂತ್ರ್ಯಕ್ಕೆ ಮುಂಚೆ ಪಟವರ್ಧನರ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ನವಲಗುಂದ ನೇರವಾಗಿ ಮುಂಬಯಿ ಇಲಾಖೆಯ ಬ್ರಿಟಿಷ್ ಆಡಳಿತದಲ್ಲಿತ್ತು. ಆದರೆ ಎರಡೂ ಕಡೆಯ ಹುಡುಗರ ಕಣ್ಣು ಇದ್ದದ್ದು ಕೊಲ್ಲಾಪುರದ ಮೇಲೆ. ಸಂಗೀತ ಕಲಿಯುವವರು ಮಿರಜ, ಕೊಲ್ಲಾಪುರದ ದಾರಿ ಹಿಡಿದಂತೆ ಕುಸ್ತಿ ಕಲಿಯುವವರೂ ಹಿಡಿದರು. 1894ರಿಂದ 1922ರವರೆಗೆ ಆಳಿದ ಶಾಹೂ ಮಹಾರಾಜರು ಪೈಲ್ವಾನರಿಗೆ ಗರಡಿ, ಖುರಾಕು, ಸಂಬಳ ಕೊಟ್ಟವರು. 1902ರಲ್ಲಿ ಯುರೋಪಿಗೆ ಹೋದಾಗ ರೋಮಿನ ಹಳೆಯ ಬಯಲು ರಂಗಮಂದಿರ ನೋಡಿ ಬಂದು, ಅದರ ನೆನಪಿನಲ್ಲಿ ಖಾಸಬಾಗ ಮೈದಾನ ಕಟ್ಟಿಸಿದರು. 1912ರಲ್ಲಿ ಪೂರ್ತಿಯಾದ ಆ ಮೈದಾನದಲ್ಲಿ ಎಲ್ಲಿ ಕುಳಿತರೂ ನಡುವಣ ಮಣ್ಣಿನ ಕಣ ಕಾಣುತ್ತದೆ. ಖಾಸಬಾಗದಲ್ಲಿ ಆಡಿ ಬಂದವನೆಂದರೆ ನಮ್ಮ ಜಾತ್ರೆಗಳಲ್ಲಿ ಅವನ ಜೋಡಿಗೆ ಇನಾಮು ಹೆಚ್ಚು.

1948-49ರಲ್ಲಿ ಜಮಖಂಡಿ, ಕೊಲ್ಲಾಪುರ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಪ್ರಜೆಗಳಿಗೆ ಅದು ಒಳ್ಳೆಯದೇ ಆಯಿತು. ಪೈಲ್ವಾನರಿಗೆ ಮಾತ್ರ ಅಡುಗೆಮನೆ ಮುಚ್ಚಿತು.

ಇದಕ್ಕೆ ಖಾಶಾಬಾ ಜಾಧವರ ಬದುಕಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಅವರು ಕರಾಡದ ಹತ್ತಿರದ ಗೋಳೇಶ್ವರದವರು. ಆಗ ಧಾರವಾಡವೂ ಕರಾಡವೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು ಎಂಬುದನ್ನು ನೆನಪಿಡಬೇಕು. 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋಗುವ ಖರ್ಚನ್ನು ಕೊಲ್ಲಾಪುರದ ಮಹಾರಾಜರು ವಹಿಸಿದ್ದರು. ಮಣ್ಣಿನಲ್ಲಿ ಬೆಳೆದ ಜಾಧವ ಚಾಪೆಯ ಮೇಲೆ ಆಡಿ ಆರನೆಯ ಸ್ಥಾನ ಪಡೆದರು. ನಾಲ್ಕು ವರ್ಷದ ಮೇಲೆ ಹೆಲ್ಸಿಂಕಿಗೆ ಹೋಗುವಾಗ ಸಂಸ್ಥಾನವೇ ಇರಲಿಲ್ಲ. ಊರವರು ವಂತಿಗೆ ಎತ್ತಿದರು. ಅವರು ಓದಿದ ರಾಜಾರಾಮ ಕಾಲೇಜಿನ ಪ್ರಾಂಶುಪಾಲ ಖರ್ಡೇಕರರು ತಮ್ಮ ಮನೆಯನ್ನು ಒತ್ತೆಯಿಟ್ಟು ಏಳು ಸಾವಿರ ರೂಪಾಯಿ ತಂದುಕೊಟ್ಟರು. ಜಾಧವ ಕಂಚಿನ ಪದಕ ತಂದರು. ಸ್ವತಂತ್ರ ಭಾರತಕ್ಕೆ ವ್ಯಕ್ತಿಗತ ಸ್ಪರ್ಧೆಯಲ್ಲಿ ಬಂದ ಮೊದಲ ಒಲಿಂಪಿಕ್ ಪದಕ ಅದು. ಎತ್ತಿನ ಬಂಡಿಗಳ ಮೆರವಣಿಗೆ ನಡೆಯಿತು. ಒತ್ತೆಯಿಟ್ಟ ಮನೆಯನ್ನು ಬಿಡಿಸಲು ಜಾಧವರೇ ಕುಸ್ತಿ ಏರ್ಪಡಿಸಿ, ಆಡಿ, ಹಣ ಕೂಡಿಸಬೇಕಾಯಿತು. 1955ರಲ್ಲಿ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಕೆಲಸ ಸಿಕ್ಕಿತು. 1956ರ ಒಲಿಂಪಿಕ್ಸ್ ಹೊತ್ತಿಗೆ ಮೊಣಕಾಲು ಪೆಟ್ಟಾಗಿತ್ತು. 1984ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ಅವರಿಗೆ ಅರ್ಜುನ ಪ್ರಶಸ್ತಿ ಬಂದದ್ದು ಸತ್ತ ಹದಿನಾರು ವರ್ಷಕ್ಕೆ.

ಮೈಯನ್ನೇ ಬಂಡವಾಳ ಮಾಡಿಕೊಂಡವರ ಕಥೆ ದುಡ್ಡಿದ್ದ ದೇಶದಲ್ಲಿ ಹೇಗಿರುತ್ತದೆ ಎಂದು ನೋಡುವುದಕ್ಕೆ ಅಮೆರಿಕದ ಸ್ಯಾಮ್ ಹಫ್ ನೆನಪಾಗುತ್ತಾರೆ. ಅಲ್ಲಿಯ ಫುಟ್‌ಬಾಲ್ ಹೆಸರಿಗೆ ಕಾಲ್ಚೆಂಡು. ಕೆಲಸವೆಲ್ಲ ಕೈ, ಭುಜ, ಎದೆಗಳದು. ಹನ್ನೊಂದು ಮಂದಿಯ ಎರಡು ತಂಡ, ಚೆಂಡು ಹಿಡಿದು ಓಡುವವನನ್ನು ನೆಲಕ್ಕೆ ಕೆಡವುವುದೇ ತಡೆಯುವವರ ಗುರಿ. ಮುಂದಿನ ಸಾಲಿನ ದಾಂಡಿಗರ ಹಿಂದೆ ನಿಂತು, ಚೆಂಡು ಎತ್ತ ಹೋಗುತ್ತದೆಂದು ಕಣ್ಣಲ್ಲೇ ಅಳೆದು, ನುಗ್ಗಿ ಕೆಡವುವವನು ಲೈನ್‌ಬ್ಯಾಕರ್. ನಮ್ಮ ಕಬಡ್ಡಿಯಲ್ಲಿ ರೈಡರ್ ಕಾಲು ಚಾಚುವುದನ್ನೇ ಕಾದು ಪಕ್ಕದಿಂದ ಎರಗುವ ಕವರ್ ಆಟಗಾರನನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿದೀತು.

ಹಫ್ ಹುಟ್ಟಿದ್ದು 1934ರಲ್ಲಿ, ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಗಣಿಯ ಕೂಲಿ ಕೇರಿಯಲ್ಲಿ. ಅಪ್ಪ ಗಣಿ ಕಾರ್ಮಿಕ. ಗಣಿಗೆ ಇಳಿಯುವುದು ತಪ್ಪಲಿ ಎಂದೇ ಆಟ ಹಿಡಿದವರು. 1956ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡ ಸೇರಿ, ನಡುವಣ ಲೈನ್‌ಬ್ಯಾಕರ್ ಎಂಬ ಆಗಿನ್ನೂ ಹೊಸದಾಗಿದ್ದ ಜಾಗಕ್ಕೆ ಹೆಸರು ತಂದರು. 1959ರಲ್ಲಿ ‘ಟೈಮ್’ ಪತ್ರಿಕೆಯ ಮುಖಪುಟ, ಮರುವರ್ಷ ಟೆಲಿವಿಷನ್ನಿನಲ್ಲಿ ಅವರ ಆಟದ ಮೇಲೇ ಒಂದು ಸಾಕ್ಷ್ಯಚಿತ್ರ. ಇಷ್ಟಾದರೂ ಆಟದ ಹಂಗಾಮು ಮುಗಿದ ಮೇಲೆ ಬಟ್ಟೆ ಕಂಪನಿಯೊಂದಕ್ಕೆ ಮಾರಾಟಗಾರನಾಗಿ ದುಡಿಯುತ್ತಿದ್ದರು. ನಮ್ಮ ಪೈಲ್ವಾನ ಜಾತ್ರೆ ಮುಗಿಸಿ ಹೊಲಕ್ಕೆ ಹೋದಂತೆಯೇ. 1964ರಲ್ಲಿ ಅವರ ತಂಡ ಅವರನ್ನು ವಾಷಿಂಗ್ಟನ್ ತಂಡಕ್ಕೆ ಸಾಗಿಸಿತು. ಎತ್ತು ಮಾರಿದ ಹಾಗೆ ಎಂದರೆ ಅಮೆರಿಕದವರು ಬೇಸರಪಟ್ಟಾರು. ಹದಿಮೂರು ಹಂಗಾಮು ಆಡಿ 1969ರಲ್ಲಿ ನಿಂತರು. ತಮ್ಮ ಎಂಬತ್ತರ ಸುಮಾರಿಗೆ ಮರೆವಿನ ಕಾಯಿಲೆ ಹಿಡಿದು 2021ರಲ್ಲಿ ತೀರಿಕೊಂಡರು.

ಹದಿಮೂರು ಹಂಗಾಮು ಎಂದರೆ ಬಹಳವಾಯಿತು. ಅಲ್ಲಿಯ ಆಟಗಾರರ ಸಂಘವೇ ಹೇಳುವಂತೆ ಸರಾಸರಿ ಆಯುಷ್ಯ ಮೂರು ವರ್ಷ ಚಿಲ್ಲರೆ. ಆದರೆ ಆ ಆಟಗಾರರು ಸಂಘ ಕಟ್ಟಿದರು, 1982 ಮತ್ತು 1987ರಲ್ಲಿ ಮುಷ್ಕರ ಹೂಡಿದರು, ಮೂರು ಹಂಗಾಮು ಆಡಿದವನಿಗೂ ಪಿಂಚಣಿ ಎನ್ನುವ ಮಟ್ಟಕ್ಕೆ ತಂದರು. ತಲೆಗೆ ಬಿದ್ದ ಪೆಟ್ಟುಗಳಿಂದ ಮಿದುಳು ಕೆಟ್ಟಿತೆಂದು ಮಾಜಿ ಆಟಗಾರರು ಹೂಡಿದ ದಾವೆಯಲ್ಲಿ 2015ರಲ್ಲಿ ಒಪ್ಪಂದವಾಗಿ, ನೂರು ಕೋಟಿ ಡಾಲರಿಗೂ ಮಿಕ್ಕಿ ಪರಿಹಾರ ಹಂಚಲಾಗಿದೆ. ಪೆಟ್ಟಿಗೆ ಪರಿಹಾರ ಸಾಕಾಗುತ್ತದೆಯೇ ಎಂಬುದು ಬೇರೆ ಮಾತು. ಪೆಟ್ಟು ಕಸುಬಿನಿಂದಲೇ ಬಂತು, ಆದ್ದರಿಂದ ಕಸುಬು ನಡೆಸಿದವರೇ ಕೊಡಬೇಕು ಎಂಬ ವಾದವನ್ನಾದರೂ ಅವರು ಮುಂದಿಟ್ಟರು.

ನಮ್ಮ ಪೈಲ್ವಾನನ ಮೈಗೆ ಬೀಳುವ ಪೆಟ್ಟೂ ಕಡಿಮೆಯಲ್ಲ. ಉಜ್ಜಿ ಉಜ್ಜಿ ಹೂಕೋಸಿನಂತಾದ ಕಿವಿಯನ್ನು ಅವನು ಹೆಮ್ಮೆಯಿಂದಲೇ ತೋರಿಸುತ್ತಾನೆ, ಮೊಣಕಾಲನ್ನು ತೋರಿಸುವುದಿಲ್ಲ. ಸಾಮು ನಿಂತರೂ ಖುರಾಕಿನ ಚಪಲ ನಿಲ್ಲದೆ ಮೈ ಬಿಟ್ಟು, ಬಿಪಿ, ಸಕ್ಕರೆ ಕಾಯಿಲೆ ಕಟ್ಟಿಕೊಂಡವರು ಹಲವರು. ಈಗ ದಾರಿಗಳು ಬೇರೆಯಾಗಿವೆ. ಸರ್ಕಾರದ ಕ್ರೀಡಾ ವಸತಿ ನಿಲಯಗಳಲ್ಲಿ ಹುಡುಗರು ಚಾಪೆಯ ಮೇಲೆ, ಅಂಕದ ಲೆಕ್ಕದಲ್ಲಿ ಕುಸ್ತಿ ಕಲಿಯುತ್ತಾರೆ. ಗಟ್ಟಿಗರಿಗೆ ರೈಲ್ವೆ, ಸೈನ್ಯ, ಪೊಲೀಸ್ ಇಲಾಖೆಯ ಕೆಲಸ ಸಿಗುವುದುಂಟು. 2014ರಲ್ಲಿ ಪ್ರೊ ಕಬಡ್ಡಿ ಬಂದ ಮೇಲೆ ಹಳ್ಳಿಯ ಗಟ್ಟಿ ಹುಡುಗರಿಗೆ ಇನ್ನೊಂದು ಬಾಗಿಲು ತೆರೆದಿದೆ.

ವಯಸ್ಸಾದ ಪೈಲ್ವಾನರಿಗೆ ಕರ್ನಾಟಕದ ಕ್ರೀಡಾ ಇಲಾಖೆ ಮಾಸಾಶನ ಕೊಡುತ್ತದೆ. ಅರಸನ ಅಡುಗೆಮನೆ ಮುಚ್ಚಿದ ಮೇಲೆ ಇದೊಂದು ಸಣ್ಣ ಒಲೆ. ಅದಕ್ಕೆ ಅರ್ಜಿ ಹಾಕುವವನು ರಾಜ್ಯ, ರಾಷ್ಟ್ರ ಮಟ್ಟದ ಸ್ಪರ್ಧೆಗಳಲ್ಲಿ ಆಡಿದ ದಾಖಲೆ ತೋರಿಸಬೇಕು. ಜಾತ್ರೆಯ ಕುಸ್ತಿಯಲ್ಲೇ ಹರೆಯ ಕಳೆದವನ ಹತ್ತಿರ ಇರುವುದು ಒಂದು ರುಮಾಲು, ಮಾರದೆ ಉಳಿದಿದ್ದರೆ ಒಂದು ಕಡಗ. ಅಲ್ಲಿ ಪಂಚರು ಜೋಡಿ ಹಚ್ಚುತ್ತಾರೆ, ಊರೆಲ್ಲ ನೋಡುತ್ತದೆ, ಹಲಗೆಯವನು ಗೆದ್ದವನ ಹೆಸರು ಸಾರುತ್ತಾನೆ. ಕಾಗದದ ಮೇಲೆ ಯಾರೂ ಬರೆದುಕೊಡುವುದಿಲ್ಲ.