ಕೆಂಪು ‘ಎಚ್’ ಅಕ್ಷರದ ಹಿಂದಿನ ಕೈಗಳು: ಗ್ರೀಟಿಂಗ್ ಕಾರ್ಡಿನ ಕಥೆ

ಇವತ್ತಿನ ಸಂಚಿಕೆಯ ವಿಷಯ ಕೈಯಲ್ಲಿ ಮಾಡಿದ ಗ್ರೀಟಿಂಗ್ ಕಾರ್ಡು. ‘ಕತ್ತರಿ, ಗೋಂದು, ಬಣ್ಣದ ಕಾಗದ, ಇದರಲ್ಲಿ ಎಂಥ ಇತಿಹಾಸ?’ ಅಂತ ಕೇಳಬಹುದು ನೀವು. ಇದೆ. ಇದರಲ್ಲಿ ಅಂಚೆ ದರದ ಕಥೆ ಇದೆ, ಹೆಣ್ಣುಮಕ್ಕಳ ದುಡಿಮೆಯ ಕಥೆ ಇದೆ, ಕೊನೆಗೆ ಒಂದು ಲೆಕ್ಕಾಚಾರವೂ ಇದೆ. ನಾನು ಓದಿದ್ದು ಬಿ.ಕಾಂ. ಹಾಗಾಗಿ ಲೆಕ್ಕ ಬರದೆ ಸಂಚಿಕೆ ಮುಗಿಯೋದಿಲ್ಲ, ಅದು ನಿಮಗೂ ಗೊತ್ತು.

‘ಹ್ಯಾಂಡ್‌ಮೇಡ್’ ಅಂದ ತಕ್ಷಣ ನಮ್ಮ ತಲೆಯಲ್ಲಿ ಒಂದು ಚಿತ್ರ ಮೂಡುತ್ತೆ. ಯಾರೋ ಒಬ್ಬರು ಕೂತು, ನಮ್ಮನ್ನೇ ನೆನಪಿಸಿಕೊಂಡು, ಒಂದೇ ಒಂದು ಕಾರ್ಡು ಮಾಡಿದ್ದಾರೆ ಅನ್ನೋ ಚಿತ್ರ. ವ್ಯಾಪಾರ ಒಂದು ಕಡೆ, ಪ್ರೀತಿ ಇನ್ನೊಂದು ಕಡೆ ಅಂತ ನಾವು ಗೆರೆ ಎಳೆದುಬಿಡುತ್ತೇವೆ. ಆದರೆ ಈ ಕಾರ್ಡಿನ ಇತಿಹಾಸದಲ್ಲಿ ಅಂಥ ಗೆರೆ ನನಗೆ ಎಲ್ಲೂ ಕಾಣಿಸಲಿಲ್ಲ. ಯಾಕೆ ಅಂತ ನೋಡೋಣ.

ಮೊದಲು ಅಂಚೆ

ಕಥೆ ಶುರುವಾಗೋದು ಇಂಗ್ಲೆಂಡಿನಲ್ಲಿ. 1840ಕ್ಕೆ ಮುಂಚೆ ಅಲ್ಲಿ ಪತ್ರ ಕಳಿಸೋದು ದುಬಾರಿ ವ್ಯವಹಾರ. ಸಾಮಾನ್ಯವಾಗಿ ದುಡ್ಡು ಕೊಡಬೇಕಾದವರು ಪತ್ರ ಪಡೆಯುವವರು. ದರ ನಿರ್ಧಾರ ಆಗ್ತಾ ಇದ್ದದ್ದು ಎರಡು ಲೆಕ್ಕದಲ್ಲಿ: ಎಷ್ಟು ದೂರ, ಎಷ್ಟು ಹಾಳೆ. ಇಲ್ಲಿ ‘ಹಾಳೆ’ ಅನ್ನೋ ಪದ ಗಮನಿಸಿ. ಲಕೋಟೆಯನ್ನೂ ಇನ್ನೊಂದು ಹಾಳೆ ಅಂತಲೇ ಎಣಿಸುತ್ತಿದ್ದರು. ಹಾಗಾಗಿ ಜನ ಲಕೋಟೆ ಬಳಸದೆ, ಬರೆದ ಹಾಳೆಯನ್ನೇ ಮಡಚಿ, ಅರಗು ಹಾಕಿ, ಅದರ ಬೆನ್ನ ಮೇಲೆ ವಿಳಾಸ ಬರೆದು ಕಳಿಸುತ್ತಿದ್ದರು. ಇಂಥ ಪರಿಸ್ಥಿತಿಯಲ್ಲಿ ನಾಲ್ಕು ಪದರದ, ರಿಬ್ಬನ್ ಅಂಟಿಸಿದ ಕಾರ್ಡನ್ನು ಯಾರು ತಾನೇ ಅಂಚೆಗೆ ಹಾಕ್ತಾರೆ?

ರೋಲಂಡ್ ಹಿಲ್ ಎಂಬಾತ 1837ರಲ್ಲಿ ಒಂದು ಕಿರುಹೊತ್ತಿಗೆ ಬರೆದು ಈ ಪದ್ಧತಿ ಬದಲಾಗಬೇಕು ಅಂತ ವಾದಿಸಿದ. 1840ರ ಜನವರಿ 10ರಂದು ಹೊಸ ದರ ಜಾರಿಗೆ ಬಂತು. ಅರ್ಧ ಔನ್ಸ್ ತೂಕದವರೆಗೆ, ದೇಶದ ಯಾವ ಮೂಲೆಗಾದರೂ, ಒಂದು ಪೆನ್ನಿ. ಅದೇ ಮೇ ತಿಂಗಳಲ್ಲಿ ‘ಪೆನ್ನಿ ಬ್ಲ್ಯಾಕ್’ ಅಂಚೆಚೀಟಿ ಬಂತು. ಹಾಳೆ ಎಣಿಸೋದು ನಿಂತು ತೂಕ ನೋಡೋದು ಶುರುವಾಯ್ತು. ಲಕೋಟೆಯೊಳಗೆ ಏನಿದೆ ಅನ್ನೋದು ಇನ್ನು ಅಂಚೆಯವರ ತಲೆನೋವಲ್ಲ. ಗ್ರೀಟಿಂಗ್ ಕಾರ್ಡಿನ ಬಾಗಿಲು ತೆರೆದದ್ದು ಹೀಗೆ.

ಮೂರೇ ವರ್ಷಕ್ಕೆ, 1843ರಲ್ಲಿ, ಹೆನ್ರಿ ಕೋಲ್ ಮೊದಲ ವಾಣಿಜ್ಯ ಕ್ರಿಸ್‌ಮಸ್ ಕಾರ್ಡು ಹೊರತಂದ. ಈತ ಸರ್ಕಾರಿ ಅಧಿಕಾರಿ, ಪೆನ್ನಿ ಅಂಚೆ ಜಾರಿಯಾಗಲು ಹಿಲ್ ಜೊತೆ ಕೆಲಸ ಮಾಡಿದವನು. ಕ್ರಿಸ್‌ಮಸ್ ಹೊತ್ತಿಗೆ ಅಷ್ಟೂ ಜನರಿಗೆ ಕೂತು ಪತ್ರ ಬರೆಯಲು ಪುರುಸೊತ್ತಿರಲಿಲ್ಲ. ಚಿತ್ರಕಾರ ಜಾನ್ ಕ್ಯಾಲ್ಕಾಟ್ ಹಾರ್ಸ್ಲಿ ಕೈಲಿ ಒಂದು ಚಿತ್ರ ಬರೆಸಿ ಅಚ್ಚು ಹಾಕಿಸಿದ. ಅಂದರೆ ಈ ಕಾರ್ಡು ಹುಟ್ಟಿದ್ದೇ ಸಮಯ ಉಳಿಸೋಕೆ!

ಆದರೆ ತಮಾಷೆ ನೋಡಿ. ಅಚ್ಚಾದದ್ದು ಕಪ್ಪು ಗೆರೆಗಳು ಮಾತ್ರ. ಬಣ್ಣವನ್ನು ಒಂದೊಂದು ಕಾರ್ಡಿಗೂ ಕೈಯಲ್ಲೇ ತುಂಬಬೇಕಾಗಿತ್ತು. ಬೆಲೆ ಒಂದು ಶಿಲ್ಲಿಂಗ್, ಅಂದರೆ 12 ಪೆನ್ನಿ. ಕಳಿಸೋಕೆ ಒಂದು ಪೆನ್ನಿ, ಕಾರ್ಡಿಗೆ ಹನ್ನೆರಡು. ಅಂಚೆ ಅಗ್ಗವಾಗಿತ್ತು, ಕೈ ಅಗ್ಗವಾಗಿರಲಿಲ್ಲ. ಯಂತ್ರ ಮತ್ತು ಕೈ ಮೊದಲ ದಿನದಿಂದಲೇ ಒಂದೇ ಕಾರ್ಡಿನಲ್ಲಿ ಜೊತೆಯಾಗಿದ್ದವು.

ವೂಸ್ಟರ್‌ನ ಹುಡುಗಿ

ಈಗ ಅಟ್ಲಾಂಟಿಕ್ ದಾಟೋಣ. ಅಮೆರಿಕದಲ್ಲೂ ಹಾಳೆ ಎಣಿಸುವ ಪದ್ಧತಿಯೇ ಇತ್ತು. 1845ರ ಜುಲೈಯಿಂದ ಅದು ಬದಲಾಯ್ತು: ಅರ್ಧ ಔನ್ಸ್ ಪತ್ರಕ್ಕೆ 300 ಮೈಲಿಯೊಳಗೆ 5 ಸೆಂಟ್, ಅದಕ್ಕಿಂತ ದೂರಕ್ಕೆ 10 ಸೆಂಟ್. ಇದಾಗಿ ಎರಡು ವರ್ಷಕ್ಕೆ, 1847ರಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ಪಟ್ಟಣದ ಎಸ್ತರ್ ಹೌಲಂಡ್ ತನ್ನ ಓದು ಮುಗಿಸಿದಳು. ಓದಿದ್ದು ಮೌಂಟ್ ಹೋಲಿಯೋಕ್ ಅನ್ನೋ ಹೆಣ್ಣುಮಕ್ಕಳ ವಿದ್ಯಾಸಂಸ್ಥೆಯಲ್ಲಿ. ಶುಲ್ಕ ಕಡಿಮೆ ಇರಲಿ ಅಂತ ಅಲ್ಲಿ ಅಡುಗೆ, ಒಗೆತ, ಗುಡಿಸುವುದು ಎಲ್ಲವನ್ನೂ ವಿದ್ಯಾರ್ಥಿನಿಯರೇ ಹಂಚಿಕೊಂಡು ಮಾಡಬೇಕಿತ್ತು. ಈ ‘ಹಂಚಿಕೊಂಡು ಮಾಡೋದು’ ಅನ್ನುವುದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಎಸ್ತರ್‌ಳ ಅಪ್ಪನದು ಪುಸ್ತಕ, ಲೇಖನ ಸಾಮಗ್ರಿಗಳ ಅಂಗಡಿ. ಅವರ ವ್ಯಾಪಾರದ ಪರಿಚಯಸ್ಥರೊಬ್ಬರಿಂದ ಆಕೆಗೆ ಒಂದು ಇಂಗ್ಲಿಷ್ ವ್ಯಾಲೆಂಟೈನ್ ಕಾರ್ಡು ಬಂತು. ಕಾಗದದ ಲೇಸು, ಬಣ್ಣದ ಹೂವು, ಪುಟ್ಟ ಪದ್ಯ ಇದ್ದಂಥದ್ದು. ‘ಚೆನ್ನಾಗಿದೆ’ ಅಂತ ಎತ್ತಿಟ್ಟು ಸುಮ್ಮನಾಗುವ ಪೈಕಿ ಅಲ್ಲ ಆಕೆ. ಇದನ್ನು ನಾನೂ ಮಾಡಬಹುದಲ್ಲ ಅಂದುಕೊಂಡು ಸಾಮಗ್ರಿ ತರಿಸಿ, ಕೆಲವು ಮಾದರಿಗಳನ್ನು ತಯಾರಿಸಿದಳು. ಅಣ್ಣ ಅಂಗಡಿಯ ಪರವಾಗಿ ಊರೂರು ಸುತ್ತಿ ಆರ್ಡರ್ ಹಿಡಿಯುತ್ತಿದ್ದ. ಅವನ ಚೀಲಕ್ಕೆ ಇವನ್ನೂ ಸೇರಿಸಿ ಕಳಿಸಿದಳು. 200 ಡಾಲರ್‌ನಷ್ಟು ಆರ್ಡರ್ ಬಂದರೆ ಸಾಕು ಅಂತ ಆಕೆಯ ಆಸೆ. ಅಣ್ಣ ತಂದದ್ದು 5,000 ಡಾಲರ್‌ಗೂ ಮೀರಿದ ಆರ್ಡರ್!

ಖುಷಿಯ ವಿಷಯವೇ. ಆದರೆ ವ್ಯಾಪಾರ ಮಾಡಿದವರಿಗೆ ಗೊತ್ತು, ಆರ್ಡರ್ ಬಂತು ಅಂದರೆ ದುಡ್ಡು ಬಂತು ಅಂತಲ್ಲ, ಕೆಲಸ ಬಂತು ಅಂತ. ಒಬ್ಬಳೇ ಕೂತು ಒಂದೊಂದೇ ಕಾರ್ಡು ಮಾಡಿದರೆ ಪ್ರೇಮಿಗಳ ದಿನ ಕಳೆದು ಯುಗಾದಿ ಬಂದರೂ ಮುಗಿಯಲ್ಲ.

ಆಕೆ ಮಾಡಿದ್ದಿಷ್ಟು. ಗೆಳತಿಯರನ್ನು ಮನೆಗೆ ಕರೆದಳು. ಮನೆಯ ಮೂರನೇ ಮಹಡಿಯಲ್ಲಿ ಉದ್ದನೆಯ ಮೇಜು. ಒಬ್ಬರು ಚಿತ್ರ ಕತ್ತರಿಸೋದು. ಇನ್ನೊಬ್ಬರು ಹಿನ್ನೆಲೆಯ ಕಾಗದ ಅಂಟಿಸೋದು. ಮತ್ತೊಬ್ಬರು ಅದರ ಮೇಲೆ ಲೇಸು ಕೂರಿಸೋದು. ಮುಂದಿನವರು ಹೂವು, ಪದ್ಯದ ಚೀಟಿ. ಕಾರ್ಡು ಕೈಯಿಂದ ಕೈಗೆ ದಾಟಿ ಮೇಜಿನ ಕೊನೆಗೆ ಬರೋ ಹೊತ್ತಿಗೆ ಸಿದ್ಧ. ಮಾದರಿ ರೂಪಿಸೋದು, ಕೊನೆಗೆ ಒಂದೊಂದನ್ನೂ ಪರಿಶೀಲಿಸೋದು ಎಸ್ತರ್‌ಳ ಕೆಲಸ.

ಅರ್ಥಶಾಸ್ತ್ರ ಓದಿದವರಿಗೆ ಆಡಂ ಸ್ಮಿತ್‌ನ ಗುಂಡುಸೂಜಿ ಕಾರ್ಖಾನೆ ನೆನಪಾಗಬೇಕು. ಒಂದು ಸೂಜಿಯ ಕೆಲಸವನ್ನು ಹದಿನೆಂಟು ಭಾಗ ಮಾಡಿ ಹಂಚಿದ ಉದಾಹರಣೆ, 1776ರದ್ದು. ಅಸೆಂಬ್ಲಿ ಲೈನ್ ಅಂದರೆ ನಮಗೆ ಫೋರ್ಡ್ ಕಾರು ನೆನಪಾಗುತ್ತೆ. ಫೋರ್ಡ್ ಕಂಪನಿ ತನ್ನ ಚಲಿಸುವ ಅಸೆಂಬ್ಲಿ ಲೈನ್ ಶುರು ಮಾಡಿದ್ದು 1913ರಲ್ಲಿ. ಈ ಮೇಜು ತಾನಾಗಿ ಚಲಿಸುತ್ತಿರಲಿಲ್ಲ, ನಿಜ. ಆದರೂ ಅದಕ್ಕೆ ಆರು ದಶಕ ಮೊದಲೇ ಒಂದು ಮನೆಯ ಮಾಳಿಗೆಯಲ್ಲಿ ಹೆಣ್ಣುಮಕ್ಕಳು ಪ್ರೇಮದ ಕಾರ್ಡುಗಳನ್ನು ಇದೇ ತತ್ವದ ಮೇಲೆ ಕಟ್ಟುತ್ತಿದ್ದರು.

1850ರ ಫೆಬ್ರವರಿ ಹೊತ್ತಿಗೆ ವೂಸ್ಟರ್‌ನ ಪತ್ರಿಕೆಯಲ್ಲಿ ಜಾಹೀರಾತು ಬಂತು. ವ್ಯಾಪಾರ ಬೆಳೆದ ಹಾಗೆ ಮೇಜು ಸಾಲದಾಯ್ತು. ಆಗ ಕೆಲಸ ಮನೆ ಮನೆಗೆ ಹೋಯ್ತು. ಒಂದು ಪೆಟ್ಟಿಗೆಯಲ್ಲಿ ಬೇಕಾದ ಕಾಗದ, ಲೇಸು, ಚಿತ್ರ, ಜೊತೆಗೊಂದು ಮಾದರಿ ಕಾರ್ಡು. ಮನೆಯಲ್ಲೇ ಮಾಡಿಡಿ, ವಾರ ಬಿಟ್ಟು ಬಂದು ತಗೊಂಡು ಹೋಗ್ತೀವಿ. ಈ ಪದ್ಧತಿ ನಮಗೇನೂ ಹೊಸದಲ್ಲ. ಮಂಗಳೂರು ಕಡೆಯ ಕೇಳುಗರಿಗಂತೂ ಬೀಡಿ ಕಟ್ಟುವುದು ನೆನಪಾಗಿರುತ್ತೆ: ಎಲೆ, ಹೊಗೆಸೊಪ್ಪು, ದಾರ ಮನೆಗೆ ತಂದು, ಕಟ್ಟಿದ ಬೀಡಿ ಎಣಿಸಿ ಒಪ್ಪಿಸೋದು. ಅಗರಬತ್ತಿ ಹೊಸೆಯೋದೂ ಹೀಗೆಯೇ. ಅಡುಗೆ, ಮಕ್ಕಳು, ಮನೆಗೆಲಸದ ನಡುವೆ ಸಿಕ್ಕ ಹೊತ್ತಿನಲ್ಲಿ ನಡೆಯುವ ದುಡಿಮೆ.

ಪದ್ಯವೂ ಬಿಡಿಭಾಗವೇ

ಎಸ್ತರ್ ವ್ಯಾಪಾರದ ಸೂಕ್ಷ್ಮ ಬಲ್ಲವಳು. ಲೇಸು ಕಾಗದ ಇಂಗ್ಲೆಂಡಿನಿಂದ ಬರ್ತಿತ್ತು, ಬಣ್ಣದ ಚಿತ್ರಗಳು ಜರ್ಮನಿಯಿಂದ. ಬಿಳಿ ಲೇಸಿನ ಕೆಳಗೆ ಹೊಳೆಯುವ ಬಣ್ಣದ ಕಾಗದದ ತುಂಡು ಇಟ್ಟರೆ ಲೇಸಿನ ಕುಸುರಿ ಎದ್ದು ಕಾಣುತ್ತೆ ಅಂತ ಕಂಡುಕೊಂಡಳು. ಕಾಗದವನ್ನು ಸ್ಪ್ರಿಂಗಿನ ಹಾಗೆ ಮಡಚಿ ಪದರಗಳ ನಡುವೆ ಇಟ್ಟು, ಚಿತ್ರ ಮುಂದಕ್ಕೆ ಎದ್ದು ನಿಲ್ಲುವ ಹಾಗೆ ಮಾಡಿದಳು. ಇವತ್ತು ಯೂಟ್ಯೂಬ್‌ನಲ್ಲಿ ಪಾಪ್-ಅಪ್ ಕಾರ್ಡು ಮಾಡೋದು ಹೇಗೆ ಅಂತ ತೋರಿಸ್ತಾರಲ್ಲ, ಆ ಉಪಾಯ ಆಗಲೇ ಬಳಕೆಯಲ್ಲಿತ್ತು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು 1879ರ ಒಂದು ಪುಸ್ತಕ. ಆ ಹೊತ್ತಿಗೆ ಆಕೆಯ ಸಂಸ್ಥೆಗೆ ‘ನ್ಯೂ ಇಂಗ್ಲೆಂಡ್ ವ್ಯಾಲೆಂಟೈನ್ ಕಂಪನಿ’ ಅಂತ ಹೆಸರು. ಕಾರ್ಡಿನ ಚಿತ್ರ ಇಷ್ಟವಾಗಿ ಒಳಗಿನ ಪದ್ಯ ಇಷ್ಟವಾಗದಿದ್ದರೆ ಗಿರಾಕಿ ಕೈತಪ್ಪಿ ಹೋಗ್ತಾರಲ್ಲ? ಅದಕ್ಕೆ 131 ಪದ್ಯಗಳ ಪುಸ್ತಕವನ್ನೇ ಅಚ್ಚು ಹಾಕಿಸಿದಳು. ನಿಮಗೆ ಬೇಕಾದ ಪದ್ಯ ಆರಿಸಿ, ಕತ್ತರಿಸಿ, ಕಾರ್ಡಿನೊಳಗೆ ಇದ್ದ ಪದ್ಯದ ಮೇಲೆ ಅಂಟಿಸಿಕೊಳ್ಳಿ. ಪ್ರೇಮಪದ್ಯವೂ ಒಂದು ಬಿಡಿಭಾಗ! ನಗು ಬರುತ್ತೆ, ಆದರೆ ಸ್ವಲ್ಪ ಯೋಚಿಸಿ. ಕಾರ್ಡಿನ ಕೊನೆಯ ಅಂಟು ಗಿರಾಕಿಯ ಕೈಯದ್ದೇ ಆಯ್ತು. ಕೊಂಡ ಕಾರ್ಡು ಸ್ವಲ್ಪ ಮಟ್ಟಿಗೆ ತಾನೇ ಮಾಡಿದ ಕಾರ್ಡೂ ಆಯ್ತು.

ಅವಳ ಅನೇಕ ಕಾರ್ಡುಗಳ ಹಿಂಬದಿಯಲ್ಲಿ ಕೆಂಪು ಬಣ್ಣದ ಪುಟ್ಟ ‘ಎಚ್’ ಅಕ್ಷರ ಇರುತ್ತೆ. ಹೌಲಂಡ್ ಹೆಸರಿನ ಮೊದಲ ಅಕ್ಷರ. ಸಂಗ್ರಾಹಕರು ಇವತ್ತಿಗೂ ಅದನ್ನೇ ಹುಡುಕುತ್ತಾರೆ. ಲೇಸು ಕೂರಿಸಿದವರ, ಹೂವು ಕತ್ತರಿಸಿದವರ ಗುರುತು ಕಾರ್ಡಿನ ಮೇಲೆ ಇಲ್ಲ. ಅವರು ಅಲ್ಲಿ ಬಿಟ್ಟುಹೋದದ್ದು ತಮ್ಮ ಕೈಕೆಲಸ ಮಾತ್ರ.

1880ರ ಸುಮಾರಿಗೆ, ವಯಸ್ಸಾದ ಅಪ್ಪನನ್ನು ನೋಡಿಕೊಳ್ಳಲು ಎಸ್ತರ್ ವ್ಯಾಪಾರವನ್ನು ಅದೇ ಊರಿನ ಜಾರ್ಜ್ ವಿಟ್ನಿಗೆ ಮಾರಿದಳು. ಮೂರು ದಶಕ ಉದ್ಯಮ ನಡೆಸಿದ ಹೆಣ್ಣುಮಗಳು ಮನೆಯ ಆರೈಕೆಗೆ ಅಂತ ಅಂಗಡಿ ಮುಚ್ಚೋದು. ಇದೂ ನಮಗೆ ಹೊಸ ಕಥೆ ಅಲ್ಲ, ಅಲ್ವಾ? ಆಕೆ ಮದುವೆಯಾಗಲಿಲ್ಲ, 1904ರಲ್ಲಿ ತೀರಿಕೊಂಡಳು. ವಿಟ್ನಿಯ ಕಂಪನಿ ಲೇಸು ಕಾಗದವನ್ನು ಯಂತ್ರದಲ್ಲಿ ತಾನೇ ತಯಾರಿಸತೊಡಗಿತು, 1942ರಲ್ಲಿ ಯುದ್ಧಕಾಲದ ಕಾಗದದ ಕೊರತೆಗೆ ಸಿಕ್ಕಿ ಬಾಗಿಲು ಮುಚ್ಚಿತು.

ಮುಂದಿನದ್ದನ್ನು ಬೇಗ ಹೇಳಿಬಿಡ್ತೀನಿ. ಬಾಸ್ಟನ್‌ನಲ್ಲಿ ಲೂಯಿ ಪ್ರ್ಯಾಂಗ್ 1870ರ ದಶಕದಲ್ಲಿ ಕಲ್ಲಚ್ಚಿನಿಂದ ಬಹುವರ್ಣದ ಕ್ರಿಸ್‌ಮಸ್ ಕಾರ್ಡು ತಂದ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಬಣ್ಣ ತುಂಬುವ ಕೈ ಬೇಡವಾಯ್ತು, ಆದರೆ ಆ ಕಾರ್ಡುಗಳ ಅಂಚಿಗೆ ರೇಷ್ಮೆಯ ಕುಚ್ಚು ಹಾಕಿಸಿ ಮಾರುತ್ತಿದ್ದ! 1910ರಲ್ಲಿ ಜಾಯ್ಸ್ ಹಾಲ್ ಎಂಬ ಹುಡುಗ ಎರಡು ಶೂ ಡಬ್ಬಿ ತುಂಬ ಪೋಸ್ಟ್‌ಕಾರ್ಡು ಹಿಡಿದು ಕಾನ್ಸಾಸ್ ಸಿಟಿಗೆ ಬಂದ, ಅದೇ ಮುಂದೆ ಹಾಲ್‌ಮಾರ್ಕ್ ಆಯ್ತು. 1949ರಲ್ಲಿ ಯುನಿಸೆಫ್‌ನ ಮೊದಲ ಗ್ರೀಟಿಂಗ್ ಕಾರ್ಡಿಗೆ ಚಿತ್ರ ಕೊಟ್ಟದ್ದು ಜೆಕೊಸ್ಲೊವಾಕಿಯಾದ ಏಳು ವರ್ಷದ ಹುಡುಗಿ. ಯುದ್ಧ ಮುಗಿದ ಕಾಲ, ಕಾಗದ ಇರಲಿಲ್ಲ, ಗಾಜಿನ ತುಂಡಿನ ಮೇಲೆ ಬರೆದಿದ್ದಳು. ಕೋಟ್ಯಂತರ ಅಚ್ಚಿನ ಕಾರ್ಡುಗಳ ಆ ಪರಂಪರೆ ಶುರುವಾದದ್ದೂ ಒಂದು ಮಗುವಿನ ಕೈಯಿಂದಲೇ.

ನಮ್ಮಲ್ಲಿ

ನಮ್ಮಲ್ಲೂ ಕಾರ್ಡಿನ ಭವಿಷ್ಯ ಅಂಚೆ ದರದ ಜೊತೆ ಗಂಟು ಹಾಕಿಕೊಂಡಿತ್ತು. ಮನೆಯ ಹಿರಿಯರನ್ನು ಕೇಳಿ ನೋಡಿ. ಹೊಸ ವರ್ಷ, ಸಂಕ್ರಾಂತಿಯ ಕಾರ್ಡುಗಳ ಲಕೋಟೆ ಅಂಟಿಸುತ್ತಿರಲಿಲ್ಲ, ಮಡಿಕೆಯನ್ನು ಒಳಗೆ ಸಿಕ್ಕಿಸಿ, ಮೇಲೆ ‘ಬುಕ್ ಪೋಸ್ಟ್’ ಅಂತ ಬರೆದು ಕಳಿಸುತ್ತಿದ್ದರು. ಅಂಟಿಸದಿದ್ದರೆ ದರ ಕಡಿಮೆ. ಅದೇ ಕಾಲದಲ್ಲಿ ಶಾಲೆಯ ಮಕ್ಕಳು ಡ್ರಾಯಿಂಗ್ ಶೀಟು ಮಡಚಿ, ಬಣ್ಣದಲ್ಲಿ ಅದ್ದಿದ ದಾರ ಎಳೆದು, ಎಲೆ ಇಟ್ಟು ಹಳೇ ಟೂತ್‌ಬ್ರಷ್‌ನಿಂದ ಬಣ್ಣ ಸಿಡಿಸಿ ಕಾರ್ಡು ಮಾಡುತ್ತಿದ್ದರು. ಎಸ್ಸೆಮ್ಮೆಸ್ಸು ಬಂತು, ವಾಟ್ಸ್ಆ್ಯಪ್ ಬಂತು. ಶುಭಾಶಯ ಕಳಿಸುವ ಖರ್ಚು ಸೊನ್ನೆಗೆ ಇಳಿಯಿತು. ಆಗ ಕೈಕೆಲಸದ ಕಾರ್ಡಿಗೆ ಮತ್ತೆ ಬೆಲೆ ಬಂತು. ಇವತ್ತು ಮನೆಯಲ್ಲೇ ಹುಟ್ಟುಹಬ್ಬ, ಮದುವೆ, ಸೀಮಂತ, ನಾಮಕರಣದ ಕಾರ್ಡು ಮಾಡಿ ಇನ್‌ಸ್ಟಾಗ್ರಾಂನಲ್ಲಿ ಮಾರುವವರು ಎಷ್ಟೋ ಜನ. ಹೆಚ್ಚಿನವರು ಹೆಣ್ಣುಮಕ್ಕಳು.

ಈಗ ಲೆಕ್ಕ. ಒಂದು ಉದಾಹರಣೆ ತಗೊಳ್ಳೋಣ. ಕಾರ್ಡಿನ ಬೆಲೆ 150 ರೂಪಾಯಿ ಅಂದುಕೊಳ್ಳಿ. ಸಾಮಗ್ರಿಗೆ 45, ಲಕೋಟೆ ಮತ್ತು ಪ್ಯಾಕಿಂಗ್‌ಗೆ 15. ಉಳಿದದ್ದು 90. ‘ಒಂದು ಕಾರ್ಡಿಗೆ 90 ರೂಪಾಯಿ ಲಾಭ’ ಅಂತ ಅನ್ನಿಸುತ್ತೆ. ಆದರೆ ಅದನ್ನು ಮಾಡಲು ಮೂರು ಗಂಟೆ ಹಿಡಿದಿದ್ದರೆ ಗಂಟೆಗೆ ಸಿಕ್ಕಿದ್ದು 30 ರೂಪಾಯಿ. ಅದು ಲಾಭ ಅಲ್ಲ, ಕೂಲಿ. ಅದೂ ತೀರಾ ಕಡಿಮೆ ಕೂಲಿ. ಕಾಸ್ಟ್ ಅಕೌಂಟಿಂಗ್‌ನಲ್ಲಿ ಇದಕ್ಕೆ ‘ಇಂಪ್ಯೂಟೆಡ್ ಕಾಸ್ಟ್’ ಅಂತಾರೆ: ಜೇಬಿನಿಂದ ದುಡ್ಡು ಹೋಗಿರಲ್ಲ, ಹಾಗಾಗಿ ಖರ್ಚೇ ಇಲ್ಲ ಅನ್ನಿಸುತ್ತೆ, ಆದರೆ ಖರ್ಚು ಆಗಿರುತ್ತೆ. ಮಾಲೀಕರು ತಮ್ಮ ಸ್ವಂತ ದುಡಿಮೆಗೆ ಸಂಬಳ ಹಾಕಿಕೊಳ್ಳದೆ ಇರೋದು ಇದಕ್ಕೆ ಪಠ್ಯಪುಸ್ತಕದ ಉದಾಹರಣೆ.

‘ಪ್ರೀತಿಯಿಂದ ಮಾಡೋದಲ್ವಾ, ಗಂಟೆ ಯಾಕೆ ಎಣಿಸಬೇಕು?’ ಅನ್ನೋ ಮಾತು ಕೇಳಿರುತ್ತೀರಿ. ಅಕ್ಕನಿಗೋ ಗೆಳೆಯನಿಗೋ ಮಾಡಿಕೊಡುವಾಗ ಖಂಡಿತ ಎಣಿಸಬೇಡಿ. ಮಾರುವಾಗ ಎಣಿಸಿ. ಎಸ್ತರ್ ಹೌಲಂಡ್ ಕೆಲಸವನ್ನು ತುಂಡು ತುಂಡಾಗಿ ಹಂಚಿದಾಗ ಯಾವ ಕೆಲಸಕ್ಕೆ ಎಷ್ಟು ಹೊತ್ತು ಬೇಕು ಅನ್ನೋದು ಮೇಜಿನ ಮೇಲೇ ಕಾಣುತ್ತಿತ್ತು. ಮನೆಯಲ್ಲಿ ಒಬ್ಬರೇ ಕೂತು ಮಾಡುವಾಗ ಆ ಹೊತ್ತು ಕಾಣೋದಿಲ್ಲ. ಒಲೆಯ ಮೇಲೆ ಸಾರು ಕುದಿಯೋ ಸಮಯ, ಮಗು ಮಲಗಿರೋ ಸಮಯ ಅಂತ ಎಲ್ಲೋ ಕರಗಿಹೋಗುತ್ತೆ.

ಹಾಗಾಗಿ ಇವತ್ತಿನ ಸಂಚಿಕೆಯಿಂದ ಎರಡು ಕೆಲಸ. ನೀವು ಕಾರ್ಡು ಮಾಡಿ ಮಾರುವವರಾದರೆ, ಮುಂದಿನ ಹತ್ತು ಕಾರ್ಡಿಗೆ ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು ಬರೆದಿಡಿ, ಆಮೇಲೆ ಬೆಲೆ ನಿರ್ಧರಿಸಿ. ನೀವು ಕೊಳ್ಳುವವರಾದರೆ, ‘ಒಂದು ಕಾಗದಕ್ಕೆ ಇಷ್ಟಾ?’ ಅಂತ ಚೌಕಾಸಿಗೆ ಇಳಿಯುವ ಮುಂಚೆ, ಇದಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ಒಮ್ಮೆ ಕೇಳಿ. ಕೊಂಡ ಮೇಲೆ ಒಳಗಿನ ಎರಡು ಸಾಲನ್ನು ಮಾತ್ರ ನೀವೇ ಬರೆಯಿರಿ, 131 ಪದ್ಯಗಳ ಪುಸ್ತಕ ಈಗ ಅಂಗಡಿಯಲ್ಲಿ ಸಿಗಲ್ಲ.

ನಿಮ್ಮ ಮನೆಯಲ್ಲಿ ಹಳೆಯ ‘ಬುಕ್ ಪೋಸ್ಟ್’ ಕಾರ್ಡುಗಳಿದ್ದರೆ ಅದರ ಕಥೆಯನ್ನು ನನಗೆ ಬರೆದು ಕಳಿಸಿ.