ಶಹಾಬಾದ್ ಒಂದು ಊರಿನ ಹೆಸರು

ಹೋದ ವರ್ಷ ಪುಣೆಯ ನಮ್ಮ ಆಫೀಸು ಹೊಸ ಕಟ್ಟಡಕ್ಕೆ ಹೋಗುವುದೆಂದು ತೀರ್ಮಾನವಾಯಿತು. ಒಳಾಂಗಣದ ಕೆಲಸದ ಮೇಲೆ ಕಣ್ಣಿಡುವ ಹೊಣೆ ನನಗೆ ಬಿತ್ತು. ಸಾಫ್ಟ್‌ವೇರ್ ಪ್ರಾಜೆಕ್ಟ್ ನಡೆಸುವವನಿಗೆ ನೆಲ, ಗೋಡೆಯೂ ತಿಳಿದಿರುತ್ತದೆ ಎಂದು ಮೇಲಿನವರ ನಂಬಿಕೆ. ಡಿಸೈನರ್ ಬಂದರು, ‘ಸ್ಥಳೀಯ ಸಾಮಗ್ರಿ, ಪಾರಂಪರಿಕ ಕುಶಲಕಲೆ’ ಎಂಬ ಸ್ಲೈಡ್ ತೋರಿಸಿದರು, ಮೇಜಿನ ಮೇಲೆ ಮೂರು ಸ್ಯಾಂಪಲ್ ಇಟ್ಟರು. ಹಳೆಯ ವಾಡೆಯೊಂದರಿಂದ ತೆಗೆದ ಸಾಗುವಾನಿ ತುಂಡು, ಒಂದು ಕರಿಕಲ್ಲು, ಒಂದು ಬೂದು ಬಣ್ಣದ ಚಪ್ಪಡಿ. ಮೂರನೆಯದನ್ನು ತಟ್ಟಿ, “ಇದು ಅಪ್ಪಟ ಪುಣೆಯ ನೆಲ, ಶಹಾಬಾದಿ ಫರಶಿ” ಅಂದರು.

“ಶಹಾಬಾದ್ ಅಂದರೆ ಒಂದು ಊರು. ಕಲಬುರಗಿ ಜಿಲ್ಲೆ. ನಮ್ಮೂರಿನ ಹತ್ತಿರ” ಅಂದೆ. ಪುಣೆಯಲ್ಲೇ ಹುಟ್ಟಿ ಬೆಳೆದ ನನ್ನ ಸಹೋದ್ಯೋಗಿಯೊಬ್ಬರು ನಿಜವಾಗಿ ಆಶ್ಚರ್ಯಪಟ್ಟರು. ಗ್ರಾನೈಟ್, ಮಾರ್ಬಲ್ ಇದ್ದಹಾಗೆ ಶಹಾಬಾದಿ ಎಂಬುದೂ ಕಲ್ಲಿನ ಒಂದು ಜಾತಿ ಎಂದು ಅವರು ತಿಳಿದಿದ್ದರಂತೆ. ಅವರ ಅಜ್ಜಿಯ ಮನೆಯ ಅಡುಗೆಮನೆ, ಅಂಗಳ, ಬಚ್ಚಲು ಎಲ್ಲ ಅದರದೇ. ಆ ಹೆಸರಿನ ಹಿಂದೆ ಒಂದು ಊರಿದೆ ಎಂದು ಯಾರೂ ಹೇಳಿರಲಿಲ್ಲ.

ಹಾಗಾದರೆ ಇದು ಪುಣೆಗೆ ‘ಸ್ಥಳೀಯ’ ಆದದ್ದು ಯಾವಾಗ?

ಪುಣೆಯ ನಿಜವಾದ ಸ್ಥಳೀಯ ಕಲ್ಲು ಆ ಎರಡನೆಯ ಸ್ಯಾಂಪಲ್, ಬಸಾಲ್ಟ್. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾ. ಗಟ್ಟಿಮುಟ್ಟು, ಆದರೆ ಪದರಪದರವಾಗಿ ಸೀಳುವುದಿಲ್ಲ. ತೆಳ್ಳನೆಯ ಚಪ್ಪಡಿ ಬೇಕೆಂದರೆ ಉಳಿಯಲ್ಲಿ ಕೆತ್ತಿಯೇ ತೆಗೆಯಬೇಕು. ಶನಿವಾರವಾಡೆಯ ತಳಪಾಯ ಮತ್ತು ಕೋಟೆಗೋಡೆಗೆ ಅದು ಒಪ್ಪುತ್ತದೆ. ಸಾಮಾನ್ಯರ ಮನೆಗೆ ಸಗಣಿ ಸಾರಿಸಿದ ಮಣ್ಣಿನ ನೆಲವೇ ಗತಿ. ಶಹಾಬಾದಿನ ಕಲ್ಲು ಬೇರೆ ವಂಶದ್ದು. ಲಾವಾ ಹರಿಯುವ ಎಷ್ಟೋ ಕಾಲ ಮೊದಲು ಒಂದು ಸಮುದ್ರದ ತಳದಲ್ಲಿ ಕೆಸರು ಕೂತು ಕೂತು ಆದ ಸುಣ್ಣಕಲ್ಲು. ಪುಸ್ತಕದ ಹಾಳೆಗಳ ಹಾಗೆ ಮಟ್ಟಸವಾಗಿ ಮಲಗಿರುತ್ತದೆ. ಮೇಲಿನ ಮಣ್ಣು ಸರಿಸಿ, ಪದರದ ಸಂದಿಗೆ ಉಳಿ ಬಡಿದು, ಹಾರೆಯಿಂದ ಮೀಟಿದರೆ ಚಪ್ಪಡಿ ಎದ್ದು ಬರುತ್ತದೆ. ಅರ್ಧ ಕೆಲಸವನ್ನು ಸಮುದ್ರವೇ ಮಾಡಿಟ್ಟಿದೆ.

ತೊಡಕು ಇದ್ದದ್ದು ತೂಕದಲ್ಲಿ. ಎರಡು ಅಡಿ ಚದರ, ಒಂದೂವರೆ ಇಂಚು ದಪ್ಪದ ಒಂದು ಚಪ್ಪಡಿ 35 ಕಿಲೋ ದಾಟುತ್ತದೆ. ಎತ್ತಿನ ಗಾಡಿಯಲ್ಲಿ ಎಷ್ಟು ಹೇರಬಹುದು, ಎಷ್ಟು ದೂರ ಒಯ್ಯಬಹುದು ಎಂದು ನೀವೇ ಲೆಕ್ಕ ಹಾಕಿ. ಹೀಗಾಗಿ ಬಹುಕಾಲ ಈ ಕಲ್ಲು ಭೀಮೆಯ ಆಸುಪಾಸಿನಲ್ಲೇ ಉಳಿಯಿತು. ಅಲ್ಲಿ ಅದಕ್ಕೆ ಮರ್ಯಾದೆಗೇನೂ ಕೊರತೆ ಇರಲಿಲ್ಲ. ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಉತ್ಖನನ ಮಾಡಿದಾಗ ಸಿಕ್ಕ ಬೌದ್ಧ ಸ್ತೂಪದ ಫಲಕಗಳು ಈ ಭಾಗದ ಸುಣ್ಣಕಲ್ಲಿನವೇ. ಅವುಗಳಲ್ಲೊಂದರ ಮೇಲೆ ರಾಣಿ, ಪರಿಚಾರಿಕೆಯರ ನಡುವೆ ನಿಂತ ಒಬ್ಬ ರಾಜ, ಜೊತೆಗೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯ ಅಸೋಕೋ’ ಎಂಬ ಬರಹ. ಚಕ್ರವರ್ತಿ ಅಶೋಕನನ್ನು ಹೆಸರು ಸಮೇತ ತೋರಿಸುವ ಪ್ರಾಚೀನ ಶಿಲ್ಪ ಇದ್ದದ್ದು ನಾವು ಬಚ್ಚಲಿಗೆ ಹಾಸುವ ಕಲ್ಲಿನ ಮೇಲೆ! ರಾಷ್ಟ್ರಕೂಟರ ಮಾನ್ಯಖೇಟ, ಈಗಿನ ಮಳಖೇಡ, ಇದೇ ಸೀಮೆಯಲ್ಲಿದೆ. ಅಲ್ಲಿನ ಕೋಟೆಗೋಡೆಯಲ್ಲೂ ಈ ಬೂದು ಬಣ್ಣ ಕಾಣುತ್ತದೆ.

ಕಲ್ಲನ್ನು ಊರು ಬಿಡಿಸಿದ್ದು ರೈಲು. ಮುಂಬೈಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1863ರಲ್ಲಿ ಭೋರ್ ಘಾಟ್ ಹತ್ತಿ, ಸೊಲ್ಲಾಪುರ ದಾಟಿ, ನಿಜಾಮನ ಸೀಮೆಯ ಕಲಬುರಗಿ, ಶಹಾಬಾದ್, ವಾಡಿ ಹಾದು 1871ರಲ್ಲಿ ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೂ ಹಳಿ ಬಿತ್ತು. ಹಳಿ ನೇರ ಕಲ್ಲಿನ ಪದರದ ಮೇಲೆಯೇ ಹಾದುಹೋಗಿತ್ತು. ಪಶ್ಚಿಮಕ್ಕೆ ಸೊಲ್ಲಾಪುರ, ಪುಣೆ, ಮುಂಬೈ, ಪೂರ್ವಕ್ಕೆ ಹೈದರಾಬಾದ್. ಬಿಲ್ಟಿಯ ಮೇಲೆ ಬರೆದ ಸ್ಟೇಷನ್ನಿನ ಹೆಸರೇ ಸರಕಿನ ಹೆಸರಾಗಿರಬೇಕು ಎಂಬುದು ನನ್ನ ಊಹೆ. (ಇದೇ ಪದರ ಗಡಿಯಾಚೆ ತಾಂಡೂರಿನಲ್ಲಿ ‘ತಾಂಡೂರ್ ಕಲ್ಲು’ ಆಗುತ್ತದೆ. ಕಲ್ಲಿಗೆ ರಾಜ್ಯಗಳ ಗಡಿ ಗೊತ್ತಿಲ್ಲ.) ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ನಾವು ಬಂದ ದಾರಿಯೂ ಅದೇ, ಪುಣೆಗೆ ಸುಮಾರು 400 ಕಿಲೋಮೀಟರು.

ನಂತರ ಆ ಕಲ್ಲನ್ನು ಸುಟ್ಟರೆ ಸಿಮೆಂಟ್ ಆಗುತ್ತದೆ ಎಂಬುದು ಉದ್ಯಮವಾಯಿತು. 1936ರಲ್ಲಿ ಹಲವು ಕಂಪನಿಗಳು ಕೂಡಿ ಎಸಿಸಿ ಆದಾಗ ಅದರಲ್ಲಿ ಶಹಾಬಾದಿನ ಸಿಮೆಂಟ್ ಕಂಪನಿಯೂ ಇತ್ತು. ಸಿಮೆಂಟಿನಿಂದ ಮೊಸಾಯಿಕ್ ಟೈಲ್ಸ್ ಬಂತು, ಆಮೇಲೆ ವಿಟ್ರಿಫೈಡ್ ಬಂತು, ಶಹಾಬಾದಿ ಹಿತ್ತಿಲಿಗೆ ಸರಿಯಿತು. ನಮ್ಮ ಮೀಟಿಂಗಿನಲ್ಲೂ ಒಬ್ಬರು ಅದನ್ನೇ ಅಂದರು: “ರಿಸೆಪ್ಷನ್ನಿಗೆ ಬಚ್ಚಲಿನ ಕಲ್ಲೇ?” ನನಗೆ ಸಿಟ್ಟು ಬಂತು. ಚಿತ್ತಾಪುರ ತಾಲೂಕಿನ ನನ್ನ ತಾಯಿಯ ತವರಿನಲ್ಲಿ ನೆಲ ಮಾತ್ರವಲ್ಲ, ಮಾಳಿಗೆಯೂ ಫರ್ಸಿಯೇ, ಗೋಡೆಯ ಗೂಡಿನ ಹಲಗೆಯೂ ಫರ್ಸಿಯೇ, ಹಿತ್ತಿಲ ಬೇಲಿಯೂ ನೆಟ್ಟಗೆ ಹೂತ ಫರ್ಸಿಯೇ. ಆದರೆ ಎಂಜಿನಿಯರಿಂಗ್ ಓದಲು ಹೊರಟಾಗ ನಾನೇ ಆ ಮನೆಯನ್ನು ಗೆಳೆಯರಿಗೆ ತೋರಿಸಲು ನಾಚಿದ್ದೆ. ಆ ಮಾತು ಮೀಟಿಂಗಿನಲ್ಲಿ ಹೇಳಲಿಲ್ಲ.

ಕಲ್ಲು ಒಪ್ಪಿಗೆಯಾಯಿತು. ಕೆಲಸ ಶುರುವಾದ ಮೇಲೆ ನನ್ನ ಶೆಡ್ಯೂಲು ಹದಗೆಟ್ಟಿತು. ಡ್ರಾಯಿಂಗಿನಲ್ಲಿ ದಪ್ಪ ಎಲ್ಲೆಡೆ ಒಂದೇ. ಕೈಯಿಂದ ಸೀಳಿದ ಚಪ್ಪಡಿ ಒಂದು ಕಡೆ ಒಂದು ಇಂಚು, ಇನ್ನೊಂದು ಕಡೆ ಒಂದೂವರೆ. ಟೈಲ್ಸ್ ಅಂಟಿಸುವ ತಂಡ ಎರಡೇ ದಿನಕ್ಕೆ ಕೈಚೆಲ್ಲಿತು. ಗುತ್ತಿಗೆದಾರ ಬೇರೆ ಮೇಸ್ತ್ರಿಯನ್ನು ಕರೆತಂದ. ಆತ ಮೊದಲ ದಿನ ಒಂದು ಕಲ್ಲೂ ಹಾಸಲಿಲ್ಲ. ಪ್ರತಿ ಚಪ್ಪಡಿಯನ್ನೂ ಸುತ್ತಿಗೆಯ ಹಿಡಿಯಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಠಣ್ ಅಂದದ್ದನ್ನು ಒಂದು ಕಡೆ, ಬೊದ್ದ ದನಿಯದನ್ನು ಇನ್ನೊಂದು ಕಡೆ ಇಡುತ್ತಾ ಹೋದ. ಒಳಬಿರುಕಿದ್ದರೆ ದನಿ ಒಡೆಯುತ್ತದಂತೆ. ಆಮೇಲೆ ದಪ್ಪದ ಪ್ರಕಾರ ವಿಂಗಡಿಸಿ, ಕೆಳಗಿನ ಗಾರೆಯನ್ನೇ ಏರಿಸಿ ಇಳಿಸಿ, ಮೇಲ್ಮೈಯನ್ನು ನೀರಿನ ಹಾಗೆ ಮಟ್ಟ ಮಾಡಿದ. ಹೆಂಡತಿಯ ಜೊತೆ ಫೋನಿನಲ್ಲಿ ಮಾತಾಡುವಾಗ ಅವನ ಕನ್ನಡ ಕಿವಿಗೆ ಬಿತ್ತು. ಯಾದಗಿರಿ ಕಡೆಯವನು.

“ಇದು ನಮ್ಮ ಕಡೀ ಕಲ್ಲು ಅಲ್ರೀ?” ಅಂದೆ.

“ಹೌದ್ರಿ ಸರ. ಅಲ್ಲಿ ನಮ್ಮಪ್ಪ ಖಣೀಲಿ ತೆಗೀತಿದ್ದ, ನಾ ಇಲ್ಲಿ ಹಾಸ್ತೀನಿ” ಅಂದ. ತನ್ನ ಮನೆಗೆ ಏನು ಹಾಕಿಸಿದ್ದಾನೆಂದು ಕೇಳಿದೆ. “ಟೈಲ್ಸ್ ರೀ” ಅಂದು ನಕ್ಕ.

ಎರಡು ವಾರ ತಡವಾಗಿ ನೆಲ ಮುಗಿಯಿತು. ಗೋಡೆಯ ಮೇಲಿನ ಫಲಕದಲ್ಲಿ ‘ಪುಣೆಯ ಸ್ಥಳೀಯ ಕಲ್ಲು’ ಎಂದು ಬರೆಸಲು ಹೊರಟಿದ್ದರು. ನಾಲ್ಕು ಇಮೇಲ್ ಓಡಾಡಿದ ಮೇಲೆ ‘ಶಹಾಬಾದ್, ಕಲಬುರಗಿ ಜಿಲ್ಲೆ, ಕರ್ನಾಟಕ’ ಎಂದಾಯಿತು. ಹಾಸಿದವರ ಹೆಸರಿಗೆ ಜಾಗ ಸಿಗಲಿಲ್ಲ. ಪ್ಯಾಂಟ್ರಿಯ ಬಾಗಿಲಲ್ಲಿ ಮೊದಲ ವಾರವೇ ಯಾರೋ ಲಿಂಬೆ ಚಹಾ ಚೆಲ್ಲಿದರು. ಹುಳಿ ಬಿದ್ದರೆ ಸುಣ್ಣಕಲ್ಲು ತಿಂದುಹೋಗುತ್ತದೆ. ಅಂಗೈ ಅಗಲದ ಬಿಳಿ ಮಚ್ಚೆ ಉಳಿದಿದೆ. ಡಿಸೈನರ್ ಆ ಚಪ್ಪಡಿ ಬದಲಿಸೋಣ ಅನ್ನುತ್ತಿದ್ದಾರೆ. ಬೇಡ ಅಂದಿದ್ದೇನೆ.