ಪಾಲು, ಕೀರ್ತಿ ಮತ್ತು ತವರು: ಮಿತಾಕ್ಷರ ಹಾಗೂ ರೋಮನ್ ನ್ಯಾಯಚಿಂತನೆ

ಪ್ರಾಚೀನ ರೋಮಿನ ಚಿಂತಕರು ಸದ್ಗುಣ, ಕೀರ್ತಿ, ಕಾನೂನುಗಳನ್ನು ಒಂದರಿಂದೊಂದು ಬೇರ್ಪಡಿಸಿ ಕಂಡವರಲ್ಲ. ಕ್ರಿ.ಪೂ. 44ರಲ್ಲಿ ಮಗನನ್ನು ಉದ್ದೇಶಿಸಿ ಬರೆದ ಕರ್ತವ್ಯಗಳನ್ನು ಕುರಿತ ಗ್ರಂಥದಲ್ಲಿ ಸಿಸೆರೋ, ನಿಜವಾದ ಕೀರ್ತಿಗೆ ನ್ಯಾಯವೇ ತಳಹದಿ ಎಂದು ಪ್ರತಿಪಾದಿಸುತ್ತಾನೆ. ಈ ವಿಚಾರದ ಬೆಳಕಿನಲ್ಲಿ ಕಲಬುರಗಿ ಪರಿಸರದ ಆಸ್ತಿಹಂಚಿಕೆಯ ಪರಂಪರೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರ' ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಕಾಲದವನು. ಕಲಬುರಗಿ ಜಿಲ್ಲೆಯ ಮರ್ತೂರು ಆತನ ನೆಲೆಯೆಂದು ಈ ಭಾಗದ ವಿದ್ವಾಂಸರು ಗುರುತಿಸುತ್ತಾರೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ ಎಂಬುದು ಮಿತಾಕ್ಷರದ ಮುಖ್ಯ ಸಿದ್ಧಾಂತ.

ರೋಮಿನ ವ್ಯವಸ್ಥೆ ಇದಕ್ಕೆ ಭಿನ್ನವಾಗಿತ್ತು. ಅಲ್ಲಿ ಕುಟುಂಬದ ಯಜಮಾನನು ಬದುಕಿರುವವರೆಗೆ ಆಸ್ತಿಯೆಲ್ಲ ಅವನದೇ. ವಯಸ್ಸಿಗೆ ಬಂದ ಮಗನಿಗೂ ಅದರಲ್ಲಿ ಹಕ್ಕಿರಲಿಲ್ಲ. ಆದರೆ ಕ್ರಿ.ಪೂ. 450ರ ಸುಮಾರಿನ ಹನ್ನೆರಡು ಫಲಕಗಳ ಶಾಸನದಂತೆ, ಉಯಿಲು ಬರೆಯದೆ ತಂದೆ ತೀರಿಕೊಂಡರೆ ಅವನ ಅಧೀನದಲ್ಲಿದ್ದ ಮಗಳಿಗೂ ಮಗನಿಗೂ ಸಮಪಾಲು ದೊರೆಯುತ್ತಿತ್ತು. ಮುಂದೆ ಕ್ರಿ.ಪೂ. 169ರ ವೊಕೋನಿಯನ್ ಶಾಸನವು ಅತಿ ಶ್ರೀಮಂತರು ಉಯಿಲಿನ ಮೂಲಕ ಹೆಣ್ಣನ್ನು ವಾರಸುದಾರಳನ್ನಾಗಿ ಮಾಡುವುದನ್ನು ನಿಷೇಧಿಸಿತು. ಅದು ಗಂಡಸರ ಲಾಭಕ್ಕಾಗಿ ಮಾಡಿದ ಅನ್ಯಾಯವೆಂಬ ಟೀಕೆಯನ್ನು ಸಿಸೆರೋ ತನ್ನ ಸಂವಾದಗ್ರಂಥವೊಂದರ ಪಾತ್ರದಿಂದ ಹೇಳಿಸುತ್ತಾನೆ. ವಿಜ್ಞಾನೇಶ್ವರನೂ ಹೆಣ್ಣನ್ನು ಪೂರ್ತಿ ಮರೆತವನಲ್ಲ. ವಾರಸಿನಿಂದ, ಖರೀದಿಯಿಂದ, ವಿಭಾಗದಿಂದ ಬಂದುದೂ ಸ್ತ್ರೀಧನವೇ ಎಂದು ಅದರ ವ್ಯಾಪ್ತಿಯನ್ನು ಹಿಗ್ಗಿಸಿದ್ದು ಗಮನಾರ್ಹ. ಆದರೂ ಹುಟ್ಟಿನ ಹಕ್ಕು ಗಂಡುಮಕ್ಕಳಿಗಷ್ಟೇ ಉಳಿಯಿತು.

ಈ ಕೊರತೆಯನ್ನು ಶಾಸ್ತ್ರಕ್ಕಿಂತ ಜನಪದ ಬದುಕು ಸ್ಪಷ್ಟವಾಗಿ ತೋರಿಸುತ್ತದೆ. ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಸುತ್ತಲಿನ ಹಳ್ಳಿಗಳಲ್ಲಿ, ಈ ಸೀಮೆಯ ಉಳಿದೆಡೆಯಂತೆಯೇ, ಪಂಚಮಿಗೆ ಅಣ್ಣ ಕರೆಯಲು ಬರುವುದು ಹೆಣ್ಣಿನ ದೊಡ್ಡ ನಿರೀಕ್ಷೆ. ತವರಿನ ಹಾಡುಗಳಲ್ಲಿ ತಂಗಿ ಬೇಡುವುದು ಸೀರೆ, ಕುಪ್ಪಸ, ಉಡಿಯಕ್ಕಿ. ಹಾರೈಸುವುದು ಅಣ್ಣತಮ್ಮಂದಿರ ಹೊಲಮನೆಯ ಏಳಿಗೆಯನ್ನು. ಪಾಲು ಕೇಳದವಳು ಗುಣವಂತೆ ಎನ್ನಿಸಿಕೊಳ್ಳುತ್ತಾಳೆ. ಕೇಳಿದವಳಿಗೆ ತವರಿನ ಬಾಗಿಲು ಮುಚ್ಚುವ ಭಯ. ಇಲ್ಲಿ ಕೀರ್ತಿಯೇ ಹಕ್ಕಿನ ಬೆಲೆಯಾಗುತ್ತದೆ.

ಕಾನೂನು ಈಗ ಬದಲಾಗಿದೆ. ಕರ್ನಾಟಕದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂದರೂ, ಅದಕ್ಕೆ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ಅಳಿಸಿತು. ಈ ಹಕ್ಕು ಹುಟ್ಟಿನಿಂದಲೇ ಬರುವುದೆಂದೂ, ತಿದ್ದುಪಡಿಯ ದಿನ ತಂದೆ ಬದುಕಿರಬೇಕಿಲ್ಲವೆಂದೂ ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ತೀರ್ಪಿತ್ತಿತು. 2008ರಿಂದ ಉಚ್ಚ ನ್ಯಾಯಾಲಯದ ಪೀಠವೂ ಕಲಬುರಗಿ ನಗರದಲ್ಲಿಯೇ ಇದೆ. ಆದರೂ ಸಹೋದರಿಯರು ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ಸಹಿ ಮಾಡುವುದು ನಿಂತಿಲ್ಲ.

ಮನಸಾರೆ ಬಿಟ್ಟುಕೊಡುವುದು ತ್ಯಾಗ. ತವರು ತಪ್ಪೀತೆಂಬ ಅಂಜಿಕೆಯಿಂದ ಬಿಟ್ಟುಕೊಡುವುದು ತ್ಯಾಗವಲ್ಲ. ಜಾನಪದ ಅಧ್ಯಯನವು ತವರಿನ ಹಾಡಿನ ಸೊಗಸನ್ನು ಮೆಚ್ಚುವುದರ ಜೊತೆಗೆ, ಹಾಡಿದವಳಿಗೆ ದಕ್ಕದ ಹೊಲದ ಲೆಕ್ಕವನ್ನೂ ಬರೆದಿಡಬೇಕಾಗಿದೆ.